ಮಂಗಳಿಯ ಕತ್ತು

ಕಾಮಾಕ್ಷಿ ಹುಟ್ಟುವಾಗ ಮೊದಲು ಹೊರಗೆ ಬಂದದ್ದು ತಲೆಯಲ್ಲ, ಎಡಗಾಲು. ಸೂಲಗಿತ್ತಿ ಹಣೆಯ ಬೆವರು ಒರೆಸಿಕೊಂಡು, "ಕಾಳಮ್ಮ, ನಿನ್ನ ಮಗಳು ನಡ್ಕೊಂಡೇ ಬಂದ್ಲು ಕಣವ್ವ" ಎಂದಿದ್ದಳಂತೆ. ಆ ಮಾತು ಊರಿನಲ್ಲಿ ಉಳಿದುಕೊಂಡಿತು. ಕಾಲು ಮುಂದಾಗಿ ಹುಟ್ಟಿದವರ ಪಾದ ತಾಗಿದರೆ ಎಂಥ ಉಳುಕೂ ಬಿಡುತ್ತದೆ ಎಂಬ ನಂಬಿಕೆಯನ್ನು ಆ ಊರಿನ ಜನ ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುವಾಗ ಬೀಸುವ ಕಲ್ಲಿನ ಜೊತೆಗೇ ತಂದಿದ್ದರು. ಕುಶಾಲನಗರದ ಹತ್ತಿರ, ಹೊಳೆಯ ಈಚೆ ದಂಡೆಯಲ್ಲಿ ಅವರ ಮನೆಗಳು. ಹೊಳೆಯ ಆಚೆಗೆ ಮೈಸೂರು ರಾಜ್ಯ, ಈಚೆಗೆ ಕೊಡಗು ರಾಜ್ಯ. ಸೊಂಟ ಹಿಡಿದವರು, ಬೆನ್ನು ಹಿಡಿದವರು ಎರಡು ರಾಜ್ಯಗಳಿಂದಲೂ ಹೊತ್ತು ಮೂಡುವ ಮುಂಚೆ ಬಂದು ಕಾಳಮ್ಮನ ಮನೆಯ ಹೊಸ್ತಿಲ ಬಳಿ ಬೋರಲು ಮಲಗುವರು. ಕಾಮಾಕ್ಷಿ ಬಾಯಿ ಮುಕ್ಕಳಿಸುವುದಕ್ಕೂ ಮೊದಲು ಎದ್ದು ಬಂದು, ನೋವಿದ್ದ ಕಡೆ ಎಡಗಾಲಿನಿಂದ ಮೂರು ಸಲ ಮೇಲಿಂದ ಕೆಳಕ್ಕೆ ಸವರಿ, ಕೊನೆಗೆ ಹಿಮ್ಮಡಿ ಊರಿ ಒಮ್ಮೆ ಜಾಡಿಸಿ ಒತ್ತಬೇಕು. ಲಟಕ್ಕೆಂದು ಸದ್ದು ಬಂದರೆ ಕೆಲಸ ಆಯಿತೆಂದು ಅರ್ಥ.

ಕಾಮಾಕ್ಷಿಗೆ ಇದು ಸಾಯುವಷ್ಟು ನಾಚಿಕೆಯ ಕೆಲಸ. ತಾತನಂಥವರ ಬೆನ್ನಿನ ಮೇಲೆ ಕಾಲಿಡುವುದೆಂದರೇನು? ಒತ್ತಿದ ತಕ್ಷಣ ಅವರ ಕಾಲಿಗೇ ಬಿದ್ದು ನಮಸ್ಕಾರ ಮಾಡಿ ಒಳಗೆ ಓಡಿಬಿಡುವಳು. ಅವಳಿಗೆ ಮಾತೇ ಕಡಿಮೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಣ್ಣ ಸಣ್ಣಸ್ವಾಮಿಗೆ ಹೆಣ್ಣು ಮಗುವಾಯಿತು. ಮನೆಯವರೆಲ್ಲ ಗದ್ದೆಗೆ ಹೋದರೆ ತೊಟ್ಟಿಲು ತೂಗುವವರು ಬೇಕಲ್ಲ, ಹಾಗಾಗಿ ಸ್ಕೂಲು ಬಿಟ್ಟಳು. ಆಮೇಲೆ ಯಾರೂ ಅವಳನ್ನು ಹೋಗೆನ್ನಲಿಲ್ಲ, ಅವಳೂ ಕೇಳಲಿಲ್ಲ. ಮೂಲೆಯಲ್ಲಿ ಕೂತು ನೋಡುವುದು ಅವಳ ಅಭ್ಯಾಸವಾಯಿತು. ಯಾರು ಯಾವ ಕಾಲು ಮುಂದಿಟ್ಟು ಮೆಟ್ಟಿಲು ಹತ್ತುತ್ತಾರೆ, ಯಾವ ಹಸು ಕರು ಹಾಕುವ ಮುಂಚೆ ಹೇಗೆ ಕಿವಿ ಆಡಿಸುತ್ತದೆ, ಎಲ್ಲವೂ ಅವಳ ಕಣ್ಣಿಗೆ ಬೀಳುವುದು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಆ ಮನೆಯಲ್ಲಿ ಅವಳು ಹೆದರುತ್ತಿದ್ದದ್ದು ಅತ್ತಿಗೆ ವನಜಮ್ಮನಿಗೆ. ವನಜಮ್ಮ ಎತ್ತರದ ಹೆಂಗಸು, ಗಂಟಲೂ ಅಷ್ಟೇ ಎತ್ತರ. ಹಟ್ಟಿಯಲ್ಲಿ ನಿಂತು ಎಮ್ಮೆಯನ್ನು ಬೈದರೆ ಗದ್ದೆಯಲ್ಲಿದ್ದ ಗಂಡ ತನ್ನನ್ನೇ ಬೈದಳೆಂದು ತಿರುಗಿ ನೋಡುವನು. "ನಿನ್ನ ಬಾಯಿಗೇನು ಬೀಗ ಜಡ್ದವ್ರಾ?" ಎಂದು ದಿನಕ್ಕೊಂದು ಸಲವಾದರೂ ಕಾಮಾಕ್ಷಿಗೆ ಕುಟುಕುವಳು. ಕಾಮಾಕ್ಷಿ ತೂಗಿ ಬೆಳೆಸಿದ ಆ ಮಗು ಸರ್ವಮಂಗಳ ಮಾತಿನಲ್ಲಿ ಪೂರಾ ತಾಯಿಯ ಮಗಳು. ಅಷ್ಟು ದೊಡ್ಡ ಹೆಸರು ಕೂಗುವುದು ಕಷ್ಟವೆಂದು ಊರು ಅವಳನ್ನು ಮಂಗಳಿ ಎಂದಿತು.

ಸುಗ್ಗಿ ಮುಗಿದ ದಿನಗಳು. ಕಣದಿಂದ ಹುಲ್ಲು ಹೇರಿಕೊಂಡು ಗಾಡಿ ಮನೆಗೆ ಬರುವಾಗ ಹುಲ್ಲಿನ ತುದಿಯಲ್ಲಿ ಮಕ್ಕಳು ಕೂರುವುದು ವಾಡಿಕೆ. ಬೇಡವೆಂದರೂ ಮಕ್ಕಳು ಬಿಡುತ್ತಿರಲಿಲ್ಲ, ದೊಡ್ಡವರೂ ಬೇಡವೆನ್ನುತ್ತಿರಲಿಲ್ಲ. ಆ ಸಂಜೆ ಮಂಗಳಿ ಎಲ್ಲರಿಗಿಂತ ಮೇಲೆ ಕೂತು ರಾಣಿಯ ಹಾಗೆ ಕೈಬೀಸುತ್ತ ಬರುತ್ತಿದ್ದಳು. ನೀರಿನ ಕಾಲುವೆ ದಾಟುವಾಗ ಒಂದು ಚಕ್ರ ಗುಂಡಿಗಿಳಿಯಿತು, ಹುಲ್ಲು ಒಂದು ಕಡೆಗೆ ಜಾರಿತು. ಉಳಿದ ಮಕ್ಕಳು ಹಗ್ಗ ಹಿಡಿದುಕೊಂಡರು. ಮಂಗಳಿಯ ಕೈ ಗಾಳಿಯಲ್ಲಿತ್ತು. ಅವಳು ತಲೆ ಕೆಳಗಾಗಿ ಬದುವಿನ ಗಟ್ಟಿ ಮಣ್ಣಿಗೆ ಬಿದ್ದಳು, ಹಿಂದೆಯೇ ಹೊರೆ ಹುಲ್ಲು ಅವಳ ಮೇಲೆ ಬಿತ್ತು.

ಸಣ್ಣಸ್ವಾಮಿ ನೊಗ ಬಿಟ್ಟು ಓಡಿಬಂದು ಹುಲ್ಲು ಸರಿಸಿದಾಗ ಮೊದಲು ಕಂಡದ್ದು ಎರಡು ಪುಟ್ಟ ಕಾಲು. ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ. ಮಂಗಳಿ ಬಾಯಿಗೆ ಹೊಕ್ಕ ಹುಲ್ಲು ಉಗಿದು, ಅಳುವೋ ನಗುವೋ ತಿಳಿಯದ ಮುಖ ಮಾಡಿ, "ನಾನೂ ಅತ್ತೆ ಥರಾನೇ ಕಣಪ್ಪ, ಆದ್ರೆ ಉಲ್ಟಾ. ತಲೆ ಮುಂದೆ ಮಾಡ್ಕಂಡು ಇಳ್ದೆ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಅವಳು ಬಿದ್ದದ್ದೇ ಮರೆತುಹೋಯಿತು.

ಮಾರನೆಯ ಬೆಳಗ್ಗೆ ಮಂಗಳಿಯ ಕತ್ತು ಒಂದು ಕಡೆಗೆ ವಾಲಿಕೊಂಡಿತ್ತು. ಅಜ್ಜಿ ಕಾಳಮ್ಮ ಬಟ್ಟೆ ಬಿಸಿ ಮಾಡಿ ಶಾಖ ಕೊಟ್ಟಳು. ಎಣ್ಣೆ ಹಚ್ಚಲು ಹೋದರೆ ಮಂಗಳಿ ಮುಟ್ಟಲು ಬಿಡಲಿಲ್ಲ.

"ಉಳುಕು ಅಷ್ಟೇ ಕಣೆ. ನಿದ್ದೇಲಿ ಸರಿಯಾಗ್ತದೆ" ಎಂದಳು ಕಾಳಮ್ಮ.

ನಿದ್ದೆಯಲ್ಲಿ ಸರಿಯಾಗಲಿಲ್ಲ. ಇನ್ನೊಂದು ದಿನ ನೋಡಿದರು. ಕೊನೆಗೆ ವನಜಮ್ಮನೇ ಒಲೆಯ ಮುಂದೆ ರೊಟ್ಟಿ ತಟ್ಟುತ್ತ, "ಮನೇಲೇ ಮದ್ದು ಇಟ್ಕೊಂಡು ಮೊಗೀನ ನರಳಾಕೆ ಯಾಕೆ ಬುಡೋದು? ನಾಳೆ ಬೆಳಗ್ಗೆ ಹೊಸ್ತಿಲ ಮೇಲೆ ಮಲಗ್ಸಿ, ಕಾಮಾಕ್ಷಿ ಕೈಲಿ ಒಂದು ಸಲ ಒತ್ತಿಸ್ಬುಡಾನ" ಎಂದಳು. ಹಿಂದಿನ ವರ್ಷ ನಾಟಿಯ ಸಮಯದಲ್ಲಿ ಅವಳ ಸೊಂಟ ಹಿಡಿದಾಗ ಬಿಡಿಸಿದ್ದು ಅದೇ ಕಾಲು. ಅವಳಿಗೆ ನಾದಿನಿಯ ಬಾಯಿಯ ಮೇಲೆ ನಂಬಿಕೆಯಿಲ್ಲದಿದ್ದರೂ ಕಾಲಿನ ಮೇಲಿತ್ತು.

ಕಾಮಾಕ್ಷಿ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಆದರೆ ಆ ದಿನವಿಡೀ ಅವಳ ಕಣ್ಣು ಮಂಗಳಿಯನ್ನು ಬಿಡಲಿಲ್ಲ. ಉಳುಕಿದ ಕತ್ತುಗಳನ್ನು ಅವಳು ಎಷ್ಟೋ ನೋಡಿದ್ದಳು. ಅವರು ಮುಖ ಸಿಂಡರಿಸುತ್ತಾರೆ, ಒಂದು ಕಡೆಗೆ ತಿರುಗದಿದ್ದರೂ ಇನ್ನೊಂದು ಕಡೆಗೆ ತಿರುಗುತ್ತಾರೆ, ಮಲಗಿದರೆ ಹಾಯೆನ್ನುತ್ತಾರೆ. ಮಂಗಳಿ ಹಾಗಿರಲಿಲ್ಲ. ಯಾರಾದರೂ ಕರೆದರೆ ಕತ್ತನ್ನು ತಿರುಗಿಸದೆ, ಮರದ ಬೊಂಬೆಯ ಹಾಗೆ ಇಡೀ ಮೈಯನ್ನೇ ತಿರುಗಿಸುವಳು. ಕೂತಲ್ಲೆಲ್ಲ ಗಲ್ಲವನ್ನು ಅಂಗೈಯ ಮೇಲೆ ಇಟ್ಟುಕೊಳ್ಳುವಳು. ಚಾಪೆಯಿಂದ ಏಳುವಾಗಲಂತೂ ತುಂಬಿದ ಗಡಿಗೆಯನ್ನು ಎತ್ತುವ ಹಾಗೆ ತನ್ನ ತಲೆಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ಎತ್ತುವಳು. ಮಧ್ಯಾಹ್ನ ಮಜ್ಜಿಗೆಯ ಲೋಟ ಅವಳ ಕೈಯಿಂದ ಜಾರಿತು. ವನಜಮ್ಮ ಬೈದಾಗ, "ಬೆರಳಲ್ಲೆಲ್ಲ ಇರುವೆ ಹರಿದಂಗಾಗ್ತದೆ ಕಣವ್ವ" ಎಂದಳು. "ಬೆಲ್ಲ ಕದ್ದಿರ್ತೀಯ, ಅದ್ಕೆ" ಎಂದು ವನಜಮ್ಮ ಲೋಟ ತೊಳೆಯಲು ಹೋದಳು.

ಬೆಳಗಾಯಿತು. ಹೊಳೆಯ ಕಡೆಯಿಂದ ಮಂಜು ಇನ್ನೂ ಎದ್ದಿರಲಿಲ್ಲ. ಹೊಸ್ತಿಲ ಮುಂದೆ ಕಂಬಳಿ ಹಾಸಿದ್ದರು. ಕಾಳಮ್ಮ ಹೊಸ್ತಿಲಿಗೆ ಅರಿಸಿನ ಹಚ್ಚಿ, ದೀಪ ಇಟ್ಟು ಸಿದ್ಧವಾಗಿದ್ದಳು. ಮಗಳ ಕಾಲಿನ ವಿಷಯ ಬಂದರೆ ಅವಳ ಮುಖಕ್ಕೆ ಒಂದು ಕಳೆ ಬರುವುದು. ಮಂಗಳಿಯನ್ನು ಬೋರಲು ಮಲಗಿಸಿದರು. ಮಲಗುವಾಗಲೂ ಅವಳು ಹಣೆಯನ್ನು ಎರಡೂ ಅಂಗೈಯಲ್ಲಿ ಹಿಡಿದೇ ಮಲಗಿದಳು.

"ಅತ್ತೆ, ಮೆಲ್ಲಗೆ ಒತ್ತು ಆಯ್ತಾ?" ಎಂದಿತು ಕಂಬಳಿಯೊಳಗಿನಿಂದ ಸಣ್ಣ ದನಿ. "ಗೌಡಜ್ಜನಿಗೆ ಒತ್ತಿದಂಗೆ ಒತ್ಬೇಡ. ಆ ಅಜ್ಜ ಹೋರಿ ಕೂಗ್ದಂಗೆ ಕೂಗಿತ್ತು."

ಕಾಮಾಕ್ಷಿ ಎಡಗಾಲು ಎತ್ತಿದಳು. ಕೆಳಗೆ ಕಾಣುತ್ತಿದ್ದದ್ದು ಜಡೆ ಸರಿಸಿದ ಎಳೆಯ ಕತ್ತು. ತೊಟ್ಟಿಲಿನಲ್ಲಿದ್ದಾಗ ಆ ಕತ್ತು ನಿಲ್ಲದೆ ಅತ್ತಿತ್ತ ವಾಲುತ್ತಿದ್ದಾಗ ಹಿಂದೆ ಕೈ ಕೊಟ್ಟು ಎತ್ತಿಕೊಳ್ಳುವುದನ್ನು ಕಲಿತವಳು ಅವಳು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಆಮೇಲೆ ನೆಲಕ್ಕೆ ಇಳಿಯಿತು.

"ನಾ ಒತ್ತಲ್ಲ" ಎಂದಳು.

ಅವಳ ಬಾಯಿಂದ ಬಂದದ್ದು ಹೌದೋ ಅಲ್ಲವೋ ಎಂದು ಕಾಳಮ್ಮ ಕಣ್ಣರಳಿಸಿ ನೋಡಿದಳು. "ಏನಂದೆ?"

"ಒತ್ತಲ್ಲ ಕಣವ್ವ."

"ಯಾಕಮ್ಮಿ? ಊರೋರಿಗೆಲ್ಲ ಆಗೋ ಕಾಲು ನಮ್ಮ ಕೂಸಿಗಾಗಲ್ವಾ? ದೇವ್ರು ಕೊಟ್ಟಿದ್ದ ಬ್ಯಾಡ ಅಂದ್ರೆ ಕಾಲೇ ಬಿದ್ದೋಯ್ತದೆ!"

ಸಣ್ಣಸ್ವಾಮಿ, "ಹೊತ್ತು ಮೂಡ್ತಾ ಅದೆ, ಬೇಗ ಮಾಡು ತಾಯಿ" ಎಂದ. ವನಜಮ್ಮ ಸೊಂಟದ ಮೇಲೆ ಕೈಯಿಟ್ಟಳು. ಕಾಮಾಕ್ಷಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಗೋಡೆಗೆ ಒರಗಿದಳು. ಅವರ ಮುಖ ನೋಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ಬಾಗಿಲ ಪಕ್ಕದ ಒರಳಿಗೆ ಹೇಳುವ ಹಾಗೆ ಹೇಳಿದಳು.

"ಇದು ಉಳುಕಲ್ಲ. ಅವ್ಳ ತಲೆ ಅವ್ಳ ಕತ್ತಿನ ಮ್ಯಾಲೆ ನಿಲ್ತಾ ಇಲ್ಲ. ಕೈಲಿ ಹಿಡ್ಕೊಂಡವ್ಳೆ. ನಿನ್ನೆಯಿಂದ ನೋಡ್ತಾ ಇವ್ನಿ. ಕೈ ಬುಟ್ರೆ ಬಿದ್ದೋಯ್ತದೆ ಅನ್ನಂಗೆ ಹಿಡ್ಕೊಂಡವ್ಳೆ. ಲೋಟ ಜಾರಿದ್ದೂ ಅದ್ಕೇಯ. ನಾ ಒತ್ತಿದ್ರೆ ಏನೋ ಆಯ್ತದೆ. ನಾ ಒತ್ತಲ್ಲ ಅತ್ತಿಗೆ, ಬೇಕಾರೆ ಹೊಡೀರಿ."

ಇಷ್ಟು ಮಾತನ್ನು ಅವಳು ಒಂದು ತಿಂಗಳಲ್ಲಿ ಆಡಿದ್ದಿಲ್ಲ. ವನಜಮ್ಮ ಹೊಡೆಯುತ್ತಾಳೆಂದೇ ಅವಳು ಕಣ್ಣು ಮುಚ್ಚಿಕೊಂಡಳು.

ವನಜಮ್ಮ ಹೊಡೆಯಲಿಲ್ಲ. ಮಗಳ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಯಾರೂ ಕೇಳದಷ್ಟು ಮೆಲುವಾದ ದನಿಯಲ್ಲಿ, "ಮಂಗಳಿ, ಎದ್ದು ಕೂತ್ಕೋ ಮಗ" ಎಂದಳು.

ಮಂಗಳಿ ಮೊಣಕೈ ಊರಿ, ಒಂದು ಕೈ ಗಲ್ಲಕ್ಕೆ, ಇನ್ನೊಂದು ಕೈ ಹಿಂದಲೆಗೆ ಕೊಟ್ಟು, ತಲೆಯನ್ನು ಎತ್ತಿಕೊಂಡು ಕೂತಳು.

"ಕೈ ಬುಡು."

"ಬುಡಲ್ಲ ಕಣವ್ವ. ಬುಡಕ್ಕಾಗಲ್ಲ."

ವನಜಮ್ಮನ ಮುಖ ಬಿಳಿಚಿದ್ದನ್ನು ಕಂಡವಳು ಕಾಮಾಕ್ಷಿ ಒಬ್ಬಳೇ. ಮರುಕ್ಷಣ ವನಜಮ್ಮ ತನ್ನ ಎರಡೂ ಕೈಯನ್ನು ಮಗಳ ಕೈಗಳ ಮೇಲಿಟ್ಟು, ಕಿವಿಗಳ ಪಕ್ಕ ತಲೆಯನ್ನು ಹಿಡಿದುಕೊಂಡಳು. "ಈಗ ನೀ ಬುಡು. ನಾ ಹಿಡ್ದಿವ್ನಿ" ಎಂದಳು. ಮಂಗಳಿ ಕೈ ಬಿಟ್ಟಳು. ಮೂರು ದಿನದ ಹೊರೆ ಇಳಿಸಿದವಳ ಹಾಗೆ ಉಸಿರುಬಿಟ್ಟಳು.

ಇನ್ನೊಬ್ಬರಾಗಿದ್ದರೆ ಈ ಹೊತ್ತಿಗೆ ಎದೆ ಬಡಿದುಕೊಂಡು ಅಳುತ್ತಿದ್ದರು, ಇಲ್ಲವೇ ನಾಚಿಕೆಗೆ ಎರಡು ಮಾತು ಸಮಜಾಯಿಷಿ ಹೇಳುತ್ತಿದ್ದರು. ವನಜಮ್ಮ ಎರಡನ್ನೂ ಮಾಡಲಿಲ್ಲ. ಅವಳಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ಕೂತಲ್ಲಿಂದಲೇ ಗಂಡನಿಗೆ, "ಕೊಟ್ಟಿಗೆ ಬಾಗ್ಲ ಕಿತ್ಕೊಂಡು ಬಾ. ಹಲಗೆ ಮ್ಯಾಲೆ ಮಡಗಿ ಮಡಿಕೇರಿ ದೊಡ್ಡಾಸ್ಪತ್ರೆಗೆ ಹೋಗಾನ" ಎಂದಳು. ಕಾಮಾಕ್ಷಿಗೆ, "ಎರಡು ಚಿಕ್ಕ ಚೀಲಕ್ಕೆ ರಾಗಿ ತುಂಬು, ಪೂರಾ ಬ್ಯಾಡ, ವಸಿ ಸಡಿಲ ಇರ್ಲಿ. ಮೊಸರು ಕುಡಿಕೆ ಸಂತೆಗೆ ಒಯ್ವಾಗ ಸುತ್ತ ಒತ್ತು ಕೊಡಲ್ವಾ, ಹಂಗೆ" ಎಂದಳು.

ಹಲಗೆ ಎಂಬ ಮಾತು ಕೇಳಿ ಕಾಳಮ್ಮ ಚೀರಿದಳು. "ಬದುಕಿರೋ ಮೊಗೀನ ಹಲಗೆ ಮ್ಯಾಲೆ ಹೊರ್ತೀರಾ? ಹೆಣ ಎತ್ತಿದಂಗೆ! ನಾಕು ಜನ ಹೆಗಲು ಕೊಟ್ರೆ ಅಪಶಕುನ ಕಣ್ರೋ. ಬೆನ್ನ ಮ್ಯಾಲೆ ಉಪ್ಪುಮೂಟೆ ಹೊತ್ಕೊಂಡು ಹೋಗು ಸಣ್ಣಸ್ವಾಮಿ!"

ಸಣ್ಣಸ್ವಾಮಿ ತಾಯಿಯ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿದ.

"ಅತ್ತೆಮ್ಮ, ಅನ್ನೋರು ಅನ್ಲಿ. ಬೆನ್ನ ಮ್ಯಾಲೆ ಹೊತ್ರೆ ಹೆಜ್ಜೆ ಹೆಜ್ಜೆಗೂ ಈ ತಲೆ ಅಲ್ಲಾಡ್ತದೆ" ಎಂದಳು ವನಜಮ್ಮ. ದನಿ ಏರಿಸಲಿಲ್ಲ. ಏರಿಸಿದರೆ ತನ್ನ ಕೈಯೂ ಅಲುಗೀತೆಂದು ಅವಳು ಏರಿಸಲಿಲ್ಲ ಎಂಬುದು ಕಾಮಾಕ್ಷಿಗೆ ಅರ್ಥವಾಯಿತು. ಸಣ್ಣಸ್ವಾಮಿ ಕೊಟ್ಟಿಗೆಗೆ ಓಡಿದ.

ಮಂಗಳಿಯನ್ನು ಕೂತಲ್ಲಿಂದ ಹಲಗೆಯ ಮೇಲೆ ಅಂಗಾತ ಇಳಿಸಿದ್ದನ್ನು ಕಾಮಾಕ್ಷಿ ಎಂದೂ ಮರೆಯಲಿಲ್ಲ. ಒಬ್ಬರು ಕಾಲು, ಒಬ್ಬರು ಸೊಂಟ, ಒಬ್ಬರು ಭುಜ. ತಲೆ ಮಾತ್ರ ವನಜಮ್ಮನದು. "ಈಗ" ಎಂದಾಗ ಎಲ್ಲರೂ ಒಟ್ಟಿಗೆ, "ನಿಲ್ಲಿ" ಎಂದಾಗ ಎಲ್ಲರೂ ನಿಂತರು. ಕಿವಿಗಳ ಎರಡೂ ಬದಿಗೆ ರಾಗಿ ಚೀಲ ಒತ್ತಿಟ್ಟು, ಹಣೆಯ ಮೇಲಿಂದ ಹಳೆಯ ಸೀರೆಯ ಪಟ್ಟಿ ಹಾಯಿಸಿ ಹಲಗೆಗೆ ಕಟ್ಟಿದರು. ನೆರೆಮನೆಯ ಗಂಡಸರು ಬಂದು ಹಲಗೆಗೆ ಕೈಕೊಟ್ಟರು. ಅಷ್ಟಾದರೂ ವನಜಮ್ಮ ಕೈ ತೆಗೆಯಲಿಲ್ಲ. ತಲೆಯ ಕಡೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ದಾರಿಗೆ ಬಂದಳು.

ಹಲಗೆ ಹೊತ್ತವರನ್ನು ಕಂಡು ಮನೆಮನೆಯ ಬಾಗಿಲಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬ ಮುದುಕಿ ಆಗಲೇ "ಅಯ್ಯೋ ಕೂಸೇ!" ಎಂದು ಶುರುಮಾಡಿದ್ದಳು.

"ನಾ ಸತ್ತಿಲ್ಲ ಕಣಜ್ಜಿ!" ಎಂದು ಹಲಗೆಯ ಮೇಲಿನಿಂದ ಮಂಗಳಿ ಆಕಾಶಕ್ಕೆ ಕೂಗಿದಳು. "ಮೆರವಣಿಗೆ ಹೊಂಟಿವ್ನಿ!"

ಮುದುಕಿ ಅಳು ನಿಲ್ಲಿಸಿ ಬೈಯಲು ಶುರುಮಾಡಿದಳು. ಮಂಗಳಿ ಆಮೇಲೆ ದಾರಿಯುದ್ದಕ್ಕೂ ಕಂಡವರಿಗೆಲ್ಲ ಅದನ್ನೇ ಕೂಗಿದಳು. ನಗುವಾಗ ಎದೆ ಅಲುಗೀತೆಂದು ವನಜಮ್ಮ, "ಕೂಗು ಬೇಕಾರೆ, ನಗ್ಬೇಡ" ಎಂದಳು. ಮಂಗಳಿ ನಗಲಿಲ್ಲ. ಅಷ್ಟು ತುಂಟ ಹುಡುಗಿ ಹೇಳಿದ ಮಾತು ಕೇಳಿ, ಕಣ್ಣನ್ನು ಮಾತ್ರ ಅತ್ತಿತ್ತ ಆಡಿಸುತ್ತ ಮಲಗಿದ್ದಳು.

ಪೇಟೆಯಲ್ಲಿ ಬಸ್ಸಿನವನು ಹಲಗೆ ಒಳಗೆ ಹಿಡಿಯುವುದಿಲ್ಲ ಎಂದ. ಅಕ್ಕಿಮೂಟೆ ತುಂಬಿಕೊಂಡು ಮಡಿಕೇರಿಗೆ ಹೊರಟಿದ್ದ ಲಾರಿಯ ಡ್ರೈವರ್ ಮೊಯ್ದು ಬೀಡಿ ಎಸೆದು ಹತ್ತಿರ ಬಂದ. ಹಲಗೆ, ಚೀಲ, ಪಟ್ಟಿ, ವನಜಮ್ಮನ ಕೈ ಎಲ್ಲವನ್ನೂ ನೋಡಿದ.

"ಮೂಟೆ ಮೇಲೆ ಇಡಿ ಅಮ್ಮ. ನಾನು ಮೆಲ್ಲೆ ಮೆಲ್ಲೆ ಓಡಿಸ್ತೇನೆ" ಎಂದ.

"ಮೆಲ್ಲೆ ಅಂದ್ರೆ ಎಷ್ಟು ಮೆಲ್ಲೆ?" ಎಂದಳು ವನಜಮ್ಮ.

"ನನ್ನ ಹೆಂಡತಿ ಬಸುರಿ ಇದ್ದಾಗ ಕರಕೊಂಡು ಹೋದ ಹಾಗೆ. ಸಾಕಾ?"

"ಸಾಕು."

ಮೂಟೆಗಳ ನಡುವೆ ತಗ್ಗು ಮಾಡಿ ಹಲಗೆ ಇಟ್ಟರು. ವನಜಮ್ಮ ತಲೆಯ ಹಿಂದೆ ಕಾಲು ಅಗಲಿಸಿ ಕೂತು, ಮೊಣಕೈಗಳನ್ನು ತೊಡೆಗೆ ಊರಿ, ಮಗಳ ತಲೆಯನ್ನು ಮತ್ತೆ ಹಿಡಿದಳು. ಸಣ್ಣಸ್ವಾಮಿ ಹಲಗೆಯ ಬುಡದಲ್ಲಿ, ಕಾಮಾಕ್ಷಿ ಅತ್ತಿಗೆಯ ಪಕ್ಕದಲ್ಲಿ.

ಸುಂಟಿಕೊಪ್ಪದವರೆಗೆ ಹೇಗೋ ಆಯಿತು. ಆಮೇಲೆ ತಿರುವುಗಳು ಶುರುವಾದವು. ಒಂದು ಕಡೆ ಕಾಫಿ ತೋಟ, ಒಂದು ಕಡೆ ಇಳಿಜಾರು; ಲಾರಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುವುದು. ಲಾರಿ ಎಡಕ್ಕೆ ವಾಲಿದರೆ ವನಜಮ್ಮ ಬಲಕ್ಕೆ ವಾಲುವಳು, ಕೈಗಳು ಮಾತ್ರ ಇದ್ದಲ್ಲೇ ಇರುವುವು. ಅವಳ ಮೈ ಎಲ್ಲ ಅಲುಗಾಡಿ, ಆ ಎರಡು ಅಂಗೈ ಬೇರೆ ಯಾರದೋ ಎಂಬಂತೆ ನಿಂತಿದ್ದವು. ಕಾಮಾಕ್ಷಿ ಅದನ್ನೇ ನೋಡುತ್ತಿದ್ದಳು. ಇವಳಿಗೆ ನಾನು ಇಷ್ಟು ವರ್ಷ ಹೆದರಿದ್ದೆನಲ್ಲ ಎಂದುಕೊಂಡಳು. ಹೆದರಿದ್ದು ತಪ್ಪೇನಲ್ಲ, ಹೆದರುವಂಥ ಹೆಂಗಸೇ ಅವಳು. ಆದರೆ ಆ ಗಟ್ಟಿತನ ಯಾವುದಕ್ಕೆಂದು ಇವತ್ತು ತಿಳಿಯಿತು.

ವನಜಮ್ಮನಿಗೆ ಮೋಟಾರು ಪ್ರಯಾಣ ಆಗದು. ಹೊಳೆ ದಾಟಿ ತವರಿಗೆ ಬಸ್ಸಿನಲ್ಲಿ ಹೋದರೂ ದಾರಿಯುದ್ದ ವಾಂತಿ. ಒಂದು ದೊಡ್ಡ ತಿರುವಿನಲ್ಲಿ ಅವಳ ಮುಖ ಹಸಿರುಗಟ್ಟಿತು.

"ಅತ್ತಿಗೆ, ನಾ ಹಿಡ್ಕೊತೀನಿ, ನೀವು ಬುಡಿ" ಎಂದಳು ಕಾಮಾಕ್ಷಿ.

ವನಜಮ್ಮ ಭುಜದ ಮೇಲೆ ಮುಖ ತಿರುಗಿಸಿ ಪಕ್ಕದ ಮೂಟೆಯ ಮೇಲೇ ವಾಂತಿ ಮಾಡಿಕೊಂಡಳು. ಕೈ ಅಲುಗಲಿಲ್ಲ. ಕಾಮಾಕ್ಷಿ ಸೆರಗಿನಿಂದ ಅವಳ ಬಾಯಿ ಒರೆಸಿದಳು. ಇನ್ನೊಂದು ತಿರುವು, ಮತ್ತೆ ವಾಂತಿ. ಮತ್ತೆ ಒರೆಸಿದಳು. ಕೆಳಗಿನಿಂದ ಮಂಗಳಿ, "ಅವ್ವ, ಅಕ್ಕಿ ತಗಳೋರು ಏನಂತಾರೆ?" ಎಂದಳು.

"ತೊಳ್ದು ಬೇಯಿಸ್ಕೊಳ್ಳಿ ಅನ್ನು" ಎಂದಳು ವನಜಮ್ಮ ಕಣ್ಣು ಮುಚ್ಚಿಕೊಂಡೇ.

ಇನ್ನೊಂದು ತಿರುವು ಕಳೆದ ಮೇಲೆ ಮಂಗಳಿ, "ಅವ್ವ, ನನ್ ಕಾಲು ಅದಾವಾ?" ಎಂದಳು.

ವನಜಮ್ಮ ಕಣ್ಣು ತೆರೆದು ಗಂಡನನ್ನು ನೋಡಿದಳು. ಸಣ್ಣಸ್ವಾಮಿ ಮಗಳ ಹೆಬ್ಬೆರಳು ಹಿಡಿದ. "ಹಿಡ್ದದ್ದು ಗೊತ್ತಾಯ್ತಾ ಕೂಸೇ?"

"ಹೂಂ. ದೂರದಲ್ಲಿ ಯಾರೋ ಹಿಡ್ದಂಗೆ."

"ದೂರದಲ್ಲಾದ್ರೂ ಅದಾವಲ್ಲ, ಸುಮ್ಕಿರು" ಎಂದಳು ವನಜಮ್ಮ. ಅವಳ ಗಲ್ಲದಿಂದ ಬೆವರು ತೊಟ್ಟಿಕ್ಕಿ ಮಗಳ ಹಣೆಯ ಮೇಲೆ ಬೀಳುತ್ತಿತ್ತು. ಕಾಮಾಕ್ಷಿ ಅದನ್ನೂ ಒರೆಸಿದಳು.

ಆಸ್ಪತ್ರೆಯಲ್ಲಿ ಕೊಡವರ ಡಾಕ್ಟರೊಬ್ಬರಿದ್ದರು. ಬೋಳುತಲೆ, ಮೃದು ದನಿ. ಹಲಗೆಯನ್ನು ಇಳಿಸುವ ಮುಂಚೆಯೇ ಲಾರಿಯ ಹತ್ತಿರ ಬಂದು, ರಾಗಿ ಚೀಲಗಳನ್ನು ಬೆರಳಿನಿಂದ ಒತ್ತಿ ನೋಡಿದರು.

"ಯಾರಾದ್ರೂ ಉಜ್ಜಿದ್ದುಂಟಾ? ಎಳೆದದ್ದುಂಟಾ?"

"ಕಾಲಲ್ಲಿ ಒತ್ತಿಸಕ್ಕೆ ನಾನೇ ಮಲಗ್ಸಿದ್ದೆ ಸ್ವಾಮಿ" ಎಂದಳು ವನಜಮ್ಮ. "ಇವ್ಳು ಒತ್ತಲಿಲ್ಲ."

ಡಾಕ್ಟರು ಕಾಮಾಕ್ಷಿಯ ಕಡೆ ನೋಡಿದರು. ಅವಳು ಕಂಬದ ಮರೆಗೆ ಸರಿದಳು.

ಹಲಗೆಯ ಮೇಲೇ ಎಕ್ಸ್‌ರೇ ತೆಗೆದರು. ಕತ್ತಿನ ಮೇಲ್ಗಡೆಯ ಎರಡು ಮೂಳೆಗಳಲ್ಲಿ ಒಂದು ಗೂಟ, ಇನ್ನೊಂದು ಅದರ ಸುತ್ತ ತಿರುಗುವ ಬಳೆ ಎಂದು ಡಾಕ್ಟರು ಬೆರಳಿಗೆ ಉಂಗುರ ಹಾಕಿ ತೋರಿಸಿದರು. ಆ ಗೂಟ ಬುಡದಲ್ಲಿ ಸೀಳಿತ್ತು. ಅದರ ಹಿಂದೆಯೇ, ಕೂದಲೆಳೆಯಷ್ಟು ಜಾಗ ಬಿಟ್ಟು, ಕೈಕಾಲಿಗೆ ಉಸಿರಿಗೆ ಎಲ್ಲಕ್ಕೂ ಹೋಗುವ ನರದ ಹುರಿ. ಮಕ್ಕಳ ಮೂಳೆ ಎಳೆಯದು, ಕೂಡಿಕೊಳ್ಳುತ್ತದೆ, ಆದರೆ ಅಲುಗಬಾರದು. ನರಕ್ಕೆ ಎಷ್ಟು ಏಟಾಗಿದೆ ಎಂದು ಈಗ ಹೇಳಲಾರೆ. ಎದ್ದು ನಡೆದಾಗಲೇ ಗೊತ್ತಾಗುವುದು ಎಂದರು.

ನರ್ಸು ಬಂದು ತಲೆಯ ಎರಡು ಬದಿಗೆ ಮರಳಿನ ಚೀಲ ಇಟ್ಟು, "ಇನ್ನು ಬಿಡಿ ಅಮ್ಮ" ಎಂದಳು. ವನಜಮ್ಮನಿಗೆ ಬಿಡಲು ಆಗಲಿಲ್ಲ. ಬೆರಳುಗಳು ಮಡಚಿದಲ್ಲೇ ಮರಗಟ್ಟಿದ್ದವು. ಕಾಮಾಕ್ಷಿ ಒಂದೊಂದೇ ಬೆರಳನ್ನು ಬಿಡಿಸಿದಳು. ಸಂಜೆಯವರೆಗೂ ವನಜಮ್ಮನಿಗೆ ಕಾಫಿ ಲೋಟ ಹಿಡಿಯಲಾಗಲಿಲ್ಲ. ವರಾಂಡದಲ್ಲಿ ಕೂರಿಸಿ, ಕಾಮಾಕ್ಷಿಯೇ ಲೋಟ ಬಾಯಿಗಿಟ್ಟು ಕುಡಿಸಿದಳು.

"ಬಿಸಿ ಅದೆ, ಊದಿ ಕೊಡು" ಎಂದು ವನಜಮ್ಮ ಗದರಿದಳು. ಆಮೇಲೆ, "ನಿನ್ನ ಬಾಯಿಗೆ ಬೀಗ ಅಂತಿದ್ನಲ್ಲ" ಎಂದು ಶುರುಮಾಡಿ ಇನ್ನೊಂದು ಗುಟುಕು ಕುಡಿದಳು.

ಮಂಗಳಿಯ ಗಲ್ಲಕ್ಕೆ ಪಟ್ಟಿ ಹಾಕಿ, ಮಂಚದ ತಲೆಯ ಕಡೆ ರಾಟೆಗೆ ಹಗ್ಗ ಹಾಯಿಸಿ ತೂಕ ಕಟ್ಟಿದರು. ಅಂಗಾತ ಮಲಗಿ ಜಂತಿ ನೋಡುವುದೇ ದಿನಗಟ್ಟಲೆ ಅವಳ ಕೆಲಸವಾಯಿತು. ಆಮೇಲೆ ತಲೆಯಿಂದ ಸೊಂಟದವರೆಗೆ ಪ್ಲಾಸ್ಟರು ಕಟ್ಟಿದರು, ಮುಖವೊಂದೇ ಹೊರಗೆ. ನೋಡಲು ಬಂದ ಕಾಳಮ್ಮ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು.

"ಅಳ್ಬೇಡ ಅಜ್ಜಿ, ಇದು ಹುತ್ತ" ಎಂದಳು ಮಂಗಳಿ. "ನಾ ಒಳಗಿರೋ ಹಾವು. ಹಾಲು ತಂದಿದ್ರೆ ಹುಯ್ಯಿ, ಅತ್ರೆ ಏನ್ ಬಂತು."

ಕಾಳಮ್ಮ ಹಾಲು ಕುಡಿಸಿದಳು. ಹೊರಡುವಾಗ ಕಾಮಾಕ್ಷಿಯನ್ನು ಪಕ್ಕಕ್ಕೆ ಕರೆದು ತಲೆ ಸವರಿದಳು.

ರಾತ್ರಿ ಹಗಲು ಆ ಮಂಚದ ಪಕ್ಕದಲ್ಲಿದ್ದದ್ದು ವನಜಮ್ಮ. ಪ್ಲಾಸ್ಟರಿನೊಳಗೆ ತುರಿಕೆಯಾದರೆ ತೆಳ್ಳನೆಯ ಬಿದಿರುಕಡ್ಡಿಗೆ ಬಟ್ಟೆ ಸುತ್ತಿ ತುರಿಸುವಳು. ಹಾಸಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದನ್ನು ನರ್ಸಿನಿಂದ ಕಲಿತಳು. ಮಗಳಿಗೆ ಬೇಜಾರಾದರೆ ವಾರ್ಡಿನವರೆಲ್ಲರ ನಡಿಗೆ ಅಣಕಿಸಿ ತೋರಿಸುವಳು, ಡಾಕ್ಟರದೂ ಬಿಡಲಿಲ್ಲ. ಆದರೆ ದಿನಾ ಬೆಳಗ್ಗೆ ಡಾಕ್ಟರು ಮಗುವಿನ ಅಂಗಾಲು ಗೀರಿ ನೋಡುವಾಗ ಮಾತ್ರ ಅವಳು ಕಿಟಕಿಯ ಕಡೆ ತಿರುಗಿಬಿಡುವಳು.

ಮೊದಲ ಮುಂಗಾರು ಗುಡುಗು ಕೇಳಿಸಿದ ದಿನಗಳಲ್ಲಿ ಪ್ಲಾಸ್ಟರು ಒಡೆಯುವ ಹೊತ್ತು ಬಂತು. ಒಬ್ಬರು ಒಳಗೆ ಬರಬಹುದು ಎಂದರು ಡಾಕ್ಟರು. ವನಜಮ್ಮ ಬಾಗಿಲವರೆಗೆ ಹೋದವಳು ನಿಂತುಬಿಟ್ಟಳು.

"ನನ್ನ ಕೈಲಾಗಲ್ಲ ಕಾಮಾಕ್ಷಿ. ನೀ ಹೋಗು. ನಿನ್ನ ಕಣ್ಣಿಗೆ ಬೀಳದ್ದು ಯಾವ್ದೂ ಇಲ್ಲ. ನೋಡ್ತಾ ನೋಡ್ತಾ ನಂಗೆ ಹೇಳು. ಏನೇ ಆದ್ರೂ ಹೇಳು, ಮುಚ್ಚಬ್ಯಾಡ."

ಅವಳು ವರಾಂಡದ ಬೆಂಚಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಕಾಮಾಕ್ಷಿ ಬಾಗಿಲಲ್ಲಿ ನಿಂತಳು.

"ಕತ್ತರಿ ಹಾಕಿದ್ರು ಅತ್ತಿಗೆ."

"ಕೇಳ್ಸಲ್ಲ, ಗಟ್ಟಿಯಾಗಿ."

"ಕತ್ತರಿ ಹಾಕಿದ್ರು! ಮುಂದಿನ ಕಡೇದು ಬಂತು. ಹಿಂದಿಂದೂ ಬಂತು. ಸಣ್ಣ ಆಗವ್ಳೆ. ಕತ್ತು ಬೆಳ್ಳಗೆ ಅದೆ."

"ನಿಂತದಾ?"

"ದಿಂಬಿನ ಮ್ಯಾಲದೆ. ಡಾಕ್ಟ್ರು ಬಲಕ್ಕೆ ತಿರುಗು ಅಂತಾವ್ರೆ."

"ತಿರುಗಿದ್ಲಾ?"

ಕಾಮಾಕ್ಷಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮುಚ್ಚಬಾರದಲ್ಲ. "ಇಲ್ಲ. ಹೆದರ್ತಾವ್ಳೆ. ಕಣ್ಣು ಮುಚ್ಕಂಡವ್ಳೆ."

ವನಜಮ್ಮನ ಬೆನ್ನು ಬಿಗಿಯಾಯಿತು.

"ಈಗ... ವಸಿ. ವಸಿ ತಿರುಗಿದ್ಲು ಅತ್ತಿಗೆ. ಕಿಟಕಿಗಂಟ! ಈಗ ಎಡಕ್ಕೆ. ಕೂರಿಸಿದ್ರು. ಕೂತವ್ಳೆ, ಕೈ ಎರಡೂ ಮಂಚದ ಮ್ಯಾಲವೆ. ಕಾಲು ಕೆಳಕ್ಕೆ ಬುಟ್ರು. ನೆಲ ತಣ್ಣಗದೆ ಅಂದ್ಲು. ನೆಲ ತಣ್ಣಗಿರಾದು ಗೊತ್ತಾಯ್ತು ಅವ್ಳಿಗೆ!" ಅವಳ ದನಿ ಏರಿ ಏರಿ ವಾರ್ಡಿನ ಕೊನೆಯ ಮಂಚದವರೆಗೆ ಹೋಯಿತು. ರೋಗಿಗಳು ಎದ್ದು ಕೂತರು. "ನಿಂತ್ಲು! ನರ್ಸಮ್ಮ ಹಿಡ್ದವ್ರೆ... ಇಲ್ಲ, ಬುಟ್ರು. ಒಬ್ಬಳೇ ನಿಂತವ್ಳೆ. ಒಂದು ಹೆಜ್ಜೆ ಮಡಗಿದ್ಲು ಅತ್ತಿಗೆ! ಓಲಾಡಿದ್ಲು, ಬೀಳಲಿಲ್ಲ, ಇನ್ನೊಂದು ಮಡಗಿದ್ಲು!"

"ಅತ್ತೆ, ಯಾಕಿಂಗೆ ಕೂಗ್ತೀಯೆ?" ಎಂದಳು ಒಳಗಿನಿಂದ ಮಂಗಳಿ. "ನಂಗೆ ನಾಚ್ಕೆ ಆಗಲ್ವಾ? ಅವ್ವ ಎಲ್ಲಿ?"

ವನಜಮ್ಮ ಎದ್ದು ತಿರುಗಿದಳು. ಬಾಗಿಲಿಗೂ ಮಂಚಕ್ಕೂ ನಡುವೆ ಮಗಳು ಎಳೆಕರುವಿನ ಹಾಗೆ ಕಾಲು ನಡುಗಿಸುತ್ತ ನಿಂತಿದ್ದಳು. ವನಜಮ್ಮನ ಕೈ ಎರಡೂ ತಮ್ಮಷ್ಟಕ್ಕೆ ಮುಂದೆ ಬಂದವು. ಡಾಕ್ಟರು, "ಬೇಡ ಅಮ್ಮ, ಹಿಡಿಯಬೇಡಿ. ಅವಳೇ ಬರಲಿ" ಎಂದರು.

ವನಜಮ್ಮ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಳು. ಹಾಗೆಯೇ ಬಾಗಿಲಲ್ಲಿ ನಿಂತಳು, ಮಂಗಳಿ ತಾನೇ ನಡೆದು ಬಂದು ಅವಳ ಹೊಟ್ಟೆಗೆ ಹಣೆ ಒತ್ತುವವರೆಗೂ.